ಒಂದರಿಂದ ಇಪ್ಪತ್ತು ಎಣಿಸುವ ಮುಂಜಾನೆ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ಪುಟ್ಟ ಕೋಣೆಯಲ್ಲಿ ಒಬ್ಬ ಹೆಂಗಸು ಹಳೆಯ ಹತ್ತಿಬಟ್ಟೆಯಿಂದ ಕಬ್ಬಿಣದ ಚೌಕಟ್ಟಿನ ಧೂಳು ಒರೆಸುತ್ತಿದ್ದಾರೆ. ಚೌಕಟ್ಟಿನಲ್ಲಿ ಒಂದರ ಮೇಲೊಂದು ನಾಲ್ಕು ಚಪ್ಪಟೆ ಪೆಟ್ಟಿಗೆಗಳು. ಹಸಿರು ದೀಪಗಳು ಪಿಳಿಪಿಳಿ ಮಿನುಗುತ್ತಿವೆ. ಒಂದೊಂದೇ ವೈರನ್ನು ಮೆಲ್ಲಗೆ ಎತ್ತಿ, ಅಡಿಯಲ್ಲಿ ಒರೆಸಿ, ಸಡಿಲವಾಗಿಲ್ಲ ತಾನೇ ಎಂದು ಬೆರಳಲ್ಲಿ ಒತ್ತಿ ನೋಡುತ್ತಾರೆ. ಆಮೇಲೆ ಬಟ್ಟೆ ಮಡಚಿಟ್ಟು ಕಂಪ್ಯೂಟರಿನ ಮುಂದೆ ಕೂರುತ್ತಾರೆ.

ಎಲ್ಲರೂ ಅವರನ್ನು ವೈರಕ್ಕ ಎನ್ನುತ್ತಾರೆ. ಫ್ಯಾನು ತಿರುಗದಿದ್ದರೂ ಇವರನ್ನೇ ಕೂಗುತ್ತಾರೆ. "ನಾನು ಕರೆಂಟಿನೋಳಲ್ಲ ಅಂತ ಹೇಳಿ ಹೇಳಿ ಬಾಯಿ ನೋವು ಬಂತು. ಈಗ ಫ್ಯಾನೂ ರಿಪೇರಿ ಮಾಡೋದು ಕಲ್ತಿದೀನಿ," ಎಂದು ನಗುತ್ತಾರೆ.

ಆ ಪೆಟ್ಟಿಗೆಗಳಿಗೆ, ಅಂದರೆ ನೆಟ್‌ವರ್ಕ್ ಸ್ವಿಚ್‌ಗಳಿಗೆ, ಯಾವುದು ಮೊದಲು ಹೋಗಬೇಕು, ಯಾವುದು ಕಾಯಬೇಕು ಎಂದು ಹೇಳಿಕೊಡುವುದು ಅವರ ಕೆಲಸ. ನೂರಮೂವತ್ತು ಫೋನುಗಳ ಮಾತು, ಸ್ಕ್ಯಾನಿಂಗ್ ವಿಭಾಗದ ಭಾರಿ ಚಿತ್ರಗಳು, ಕಚೇರಿಯ ಕಡತಗಳು ಎಲ್ಲವೂ ಒಂದೇ ದಾರಿಯಲ್ಲಿ ಓಡುತ್ತವೆ. "ಚಿತ್ರ ಅರೆಕ್ಷಣ ತಡ ಆದ್ರೆ ಯಾರಿಗೂ ಗೊತ್ತಾಗಲ್ಲ. ಮಾತು ತಡ ಆದ್ರೆ ಅರ್ಧಕ್ಕರ್ಧ ಉದುರಿಹೋಗುತ್ತೆ. ಅದಕ್ಕೇ ಮಾತಿಗೆ ಮೊದಲ ಸಾಲು. ಎಲ್ಲರೂ ಬಂದು ಅಲ್ಲೇ ನಿಂತ್ರೆ ಅದು ಮೊದಲ ಸಾಲು ಹೇಗಾಗುತ್ತೆ?"

ಹತ್ತೊಂಬತ್ತು ವರ್ಷದ ಹಿಂದೆ ಅಣ್ಣನ ಜೊತೆ ಗೋಡೆ ಕೊರೆದು ವೈರು ಎಳೆಯಲು ಬಂದವರು ಇವರು. ಉಳಿದದ್ದನ್ನು ಎಂಜಿನಿಯರುಗಳ ಬೆನ್ನ ಹಿಂದೆ ನಿಂತು ನೋಡಿ ಕಲಿತರು. ಬರೆದಿಟ್ಟುಕೊಂಡ ನೋಟ್‌ಬುಕ್ಕಿನ ರಟ್ಟು ಮೂರು ಸಲ ಬದಲಾಗಿದೆ.

ಈ ಸಾಲುಗಳಲ್ಲಿ ಏನೇ ಬದಲಿಸಿದರೂ ವೈರಕ್ಕ ತಕ್ಷಣ ಅದನ್ನು ಕಾಯಂ ಮಾಡುವುದಿಲ್ಲ. ಮೂರನೇ ಮಹಡಿಯ ವಾರ್ಡಿಗೆ ಫೋನು ಮಾಡುತ್ತಾರೆ. "ಸಿಸ್ಟರಮ್ಮಾ, ಒಂದ್ಸಲ ಎಣಿಸಿ."

"ಈ ವಯಸ್ಸಲ್ಲಿ ನನ್ನ ಒಂದನೇ ಕ್ಲಾಸಿಗೆ ಹಾಕ್ಬಿಟ್ರಲ್ಲಕ್ಕಾ," ಎಂದು ಗೊಣಗುತ್ತಲೇ ನರ್ಸ್ ಒಂದರಿಂದ ಇಪ್ಪತ್ತರವರೆಗೆ ಎಣಿಸುತ್ತಾರೆ. ಒಂದು ಅಂಕಿ ಉದುರಿಹೋದರೂ ಬದಲಾವಣೆ ರದ್ದು.

ಹೋದ ವರ್ಷ ಸ್ಕ್ಯಾನಿಂಗ್ ಮುಖ್ಯಸ್ಥರು ತಮ್ಮ ಚಿತ್ರಗಳೂ ತುರ್ತೇ ಎಂದು ಪಟ್ಟು ಹಿಡಿದರು. ವೈರಕ್ಕ ಅವನ್ನೂ ಮೊದಲ ಸಾಲಿಗೆ ಸೇರಿಸಿದರು. ಮುಂಜಾನೆ ಇಪ್ಪತ್ತೂ ಕೇಳಿಸಿದವು, ಕಾಯಂ ಮಾಡಿದರು. ಆದರೆ ಆ ಹೊತ್ತಿನಲ್ಲಿ ಸ್ಕ್ಯಾನೇ ನಡೆಯುವುದಿಲ್ಲ. ಒಂಬತ್ತಕ್ಕೆ ಚಿತ್ರಗಳು ನುಗ್ಗಿದವು, ರೋಗಿಯೊಬ್ಬರಿಗಾಗಿ ವಾರ್ಡಿನಿಂದ ಮಾಡಿದ ತುರ್ತು ಕರೆ ಚೂರುಚೂರಾಯಿತು, ನರ್ಸ್ ಡಾಕ್ಟರನ್ನು ಹುಡುಕಿಕೊಂಡು ಮೂರು ಮಹಡಿ ಇಳಿದು ಓಡಬೇಕಾಯಿತು. ರೋಗಿ ಬದುಕಿದರು. "ಖಾಲಿ ರಸ್ತೇಲಿ ನಿಂತ್ಕೊಂಡು ದಾರಿ ಸಲೀಸಾಗಿದೆ ಅಂದ್ಬಿಟ್ಟೆ. ನಂದೇ ತಪ್ಪು." ಅಂದಿನಿಂದ ಚಿತ್ರಗಳು ಎರಡನೇ ಸಾಲಿನಲ್ಲಿವೆ. ಎಣಿಕೆ ಒಂಬತ್ತೂಕಾಲಿಗೆ ಇನ್ನೊಮ್ಮೆ ನಡೆಯುತ್ತದೆ.

ಈ ವರ್ಷ ಅದೇ ವಾರ್ಡಿನಲ್ಲಿ ನನ್ನ ಅಮ್ಮ ಹನ್ನೊಂದು ದಿನ ಮಲಗಿದ್ದರು. ಒಂದು ಬೆಳಿಗ್ಗೆ ಒಂಬತ್ತೂವರೆಗೆ ಅವರಿಗೆ ಉಸಿರು ಕಟ್ಟಿತು. ನರ್ಸ್ ಫೋನೆತ್ತಿ ಎರಡೇ ಮಾತು ಹೇಳಿದರು, ಡಾಕ್ಟರು ಓಡಿಬಂದರು. ಇಬ್ಬರಿಗೂ ಧನ್ಯವಾದ ಹೇಳಿದೆ. ಮೂರನೆಯವರೊಬ್ಬರಿದ್ದಾರೆ ಎಂದು ತಿಳಿದದ್ದು ಮರುದಿನ, ಅದೇ ನರ್ಸ್ ಫೋನು ಹಿಡಿದು ಇಪ್ಪತ್ತರವರೆಗೆ ಎಣಿಸುತ್ತಿದ್ದುದನ್ನು ಕಂಡು ಯಾಕೆಂದು ಕೇಳಿದಾಗ. ನೆಲಮಾಳಿಗೆಗೆ ಇಳಿದು ವೈರಕ್ಕನಿಗೆ ಎಲ್ಲ ಹೇಳಿದೆ. "ಅಮ್ಮ ಈಗ ಊಟ ಮಾಡ್ತಾರಾ?" ಎಂದಷ್ಟೇ ಕೇಳಿದರು.

ಬರುವ ಸೋಮವಾರ ಆಸ್ಪತ್ರೆಗೆ ನಲವತ್ತು ಕಾವಲು ಕ್ಯಾಮೆರಾಗಳು ಬರುತ್ತಿವೆ. ಅವು ತಮ್ಮ ವಿಡಿಯೊಗೆ ತಾವೇ ತುರ್ತು ಎಂಬ ಗುರುತು ಹಾಕಿಕೊಳ್ಳುತ್ತವಂತೆ. ಹೇಳದೆ ಕೇಳದೆ ಸಿಕ್ಕಿಸಿದರೆ ಸ್ವಿಚ್ ಅದನ್ನು ನಂಬಿಬಿಡುತ್ತದೆ, ಮೊದಲ ಸಾಲು ಮತ್ತೆ ತುಂಬುತ್ತದೆ.

ಎಂಟು ಗಂಟೆಗೆ ಆಸ್ಪತ್ರೆಯ ಮುಖ್ಯಸ್ಥರು ನಡೆಸುವ ಸಭೆ ಮುಗಿಯುವ ಹೊತ್ತಿಗೆ ವೈರಕ್ಕ ಬಾಗಿಲ ಬಳಿ ನಿಂತೇ ಹೇಳುತ್ತಾರೆ: "ಸಾರ್, ಕ್ಯಾಮೆರಾ ಸಿಕ್ಕಿಸೋಕೆ ಮುಂಚೆ ನನಗೊಂದು ಮಾತು ಹೇಳಿ. ಹಿಂದಿನ ದಿನ ಹೇಳಿದ್ರೂ ಸಾಕು."

ಮುಖ್ಯಸ್ಥರು ತಲೆ ಎತ್ತದೆ ಹಾಳೆ ತಿರುವುತ್ತಾರೆ. ಯಾರೋ ಕುರ್ಚಿ ಹಿಂದಕ್ಕೆ ತಳ್ಳಿ ಏಳುತ್ತಾರೆ.