ಕಾಕಾ ತೆಗೆದುಕೊಳ್ಳದ ಬನ್ನಿ

ಮೊನ್ನೆ ಬನ್ನಿ ಹಬ್ಬದ ದಿನ ಗುಡ್ಡದಿಂದ ಬಂದು, ಪ್ಯಾಂಟಿಗೆ ಹತ್ತಿದ ಉತ್ತರಾಣಿ ಬೀಜ ಕೀಳುತ್ತ ಕೂತಿದ್ದೆ. ಕಾಲಿನಿಂದ ಕೆರೆಯ ಜೊಂಡಿನ ಹಸಿ ವಾಸನೆ. ಅವ್ವ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ನನಗೆ ಚಪ್ಪಲಿ ಅಂಗಡಿ ಕಾಕಾ ನೆನಪಾದರು. ನೆನಪಾದದ್ದೇ ತಡ, ಸಿಟ್ಟು ಬಂತು... ಅವರ ಮೇಲಲ್ಲ.

ರಾಣೇಬೆನ್ನೂರಿನ ನಮ್ಮ ಓಣಿಯ ಮೂಲೆಯಲ್ಲಿ ಅವರ ಅಂಗಡಿ. ಊರಿಗೆಲ್ಲ ಚಪ್ಪಲಿ ಮಾರುವ ಮನುಷ್ಯ, ಗುಡ್ಡ ಹತ್ತುವಾಗ ಮಾತ್ರ ತಮ್ಮ ಚಪ್ಪಲಿ ಸವೆದಾವೆಂದು ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದರು. ಆ ನಡಿಗೆ, ಆ ಕೆಮ್ಮು, ಗಿರಾಕಿಯ ಕಾಲು ನೋಡಿಯೇ ಅಳತೆ ಹೇಳುವ ಆ ಗತ್ತು ಎಲ್ಲವನ್ನೂ ನಾನು ಅವರೆದುರಿಗೇ ಅಣಕಿಸುತ್ತಿದ್ದೆ.

"ನಿನ್ನ ಮಾರಿ ಅಣಕಸಾಕ ಯಾರೂ ಬೇಕಾಗಿಲ್ಲ ಬಿಡಲೇ, ದೇವರ ಮಾಡಿ ಕಳಿಸ್ಯಾನ" ಅನ್ನುತ್ತಿದ್ದರು.

ಬನ್ನಿ ಹಬ್ಬದ ಬೆಳಿಗ್ಗೆ ಓಣಿಯವರೆಲ್ಲ ಕೆರೆ ಬಳಸಿ, ಗುಡ್ಡ ಹತ್ತಿ, ಆಚೆಗಿನ ಬನ್ನಿ ಗಿಡದಿಂದ ಎಲೆ ತರುವುದು ನಮ್ಮ ರೂಢಿ. ಮಳೆ ಆಗಷ್ಟೇ ಹಿಂದೆ ಸರಿದಿರುತ್ತದೆ. ಗುಡ್ಡದ ಹುಲ್ಲು ಎದೆಮಟ್ಟ, ಅದರಡಿಯ ಕಲ್ಲಿಗೆಲ್ಲ ಪಾಚಿ. ಪ್ರತಿ ವರ್ಷ ನಾನು ಒಂದೇ ಬಂಡೆಯ ಮೇಲೆ ಜಾರಿ ಬೀಳುತ್ತಿದ್ದುದರಿಂದ ಅದಕ್ಕೆ ನನ್ನ ಹೆಸರೇ ಬಿದ್ದಿತ್ತು. ಕೆಳಗೆ ಕೆರೆ ಕೋಡಿ ಬಿದ್ದು, ದಾರಿಯ ಮೇಲೆಯೇ ಮೊಣಕಾಲಮಟ್ಟ ಕೆಂಪು ನೀರು.

ಒಂದು ಬೇಸಿಗೆಯಲ್ಲಿ ನಮ್ಮ ಓಣಿಯವನೇ ಆದ ರಸ್ತೆ ಗುತ್ತಿಗೆದಾರ, ಆ ದಾರಿಗೆ ಅಂಟಿಕೊಂಡೇ, ರಸ್ತೆಗೆ ಹಾಕುವ ಗರಸು ಮಣ್ಣು ಅಗೆದು ಆಳುದ್ದದ ಕುಣಿ ಬಿಟ್ಟ. ಮಳೆ ಬಂದ ಮೇಲೆ ದಾರಿ ಯಾವುದು, ಕುಣಿ ಯಾವುದು ತಿಳಿಯದಾಯಿತು. ಮುಚ್ಚು ಎಂದರು ಕಾಕಾ. ಬೇಲಿಯಾದರೂ ಹಾಕು ಎಂದರು. ಆತ ಹೊಸದಾಗಿ ಕೊಂಡ ಮೊಬೈಲು ಕಿವಿಗಿಟ್ಟುಕೊಂಡು "ಆತ್ರಿ" ಅಂದ. ಕಾಕಾಗೋ ಮೊಬೈಲಿಗೋ ಗೊತ್ತಾಗಲಿಲ್ಲ.

ಆ ವರ್ಷ ಕಾಕಾ ಗುಡ್ಡ ಹತ್ತಲಿಲ್ಲ. ಕುಣಿಯ ಅಂಚಿಗೆ, ನೀರಿನಲ್ಲಿ, ಕೊಡೆ ಬಿಚ್ಚಿಕೊಂಡು ನಿಂತರು. "ಬಲಕ್ಕ ಬರ್ರಿ! ನನ್ನ ಬಲಕ್ಕಲ್ಲ, ನಿಮ್ಮ ಬಲಕ್ಕ!" ಎಂದು ಗಂಟಲು ಹರಿಯುವಂತೆ ಕೂಗಿ ಎಲ್ಲರನ್ನೂ ದಾಟಿಸಿದರು.

ಸಂಜೆ ಓಣಿಯಲ್ಲಿ ಬನ್ನಿ ಕೊಡುವ ಹೊತ್ತಿಗೆ ಗುತ್ತಿಗೆದಾರ ಬಂದ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಕಾಕಾ."

ಕಾಕಾ ಎರಡೂ ಕೈ ಹಿಂದೆ ಕಟ್ಟಿದರು. "ಮೊದಲ ಕುಣಿ ಮುಚ್ಚು. ಆಮ್ಯಾಲ ನಿನ್ನ ಬನ್ನಿ ತಗೋತೀನಿ."

ಓಣಿ ದಂಗಾಯಿತು. ಹೊಲಕ್ಕಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರೂ ಅವತ್ತು ಬನ್ನಿ ಕೊಟ್ಟುಕೊಂಡು ಜಗಳ ಮರೆಯುತ್ತಾರೆ. "ಹಬ್ಬದ ದಿನ ಬನ್ನಿ ಬ್ಯಾಡ ಅಂದ್ರ ಹೆಂಗ್ರಿ? ಭಾಳ ಸೊಕ್ಕು ಬಂದೈತಿ ಇವ್ರಿಗೆ" ಎಂದವರು ಯಾರು? ಬೆಳಿಗ್ಗೆ ಅವರ ಕೂಗು ಹಿಡಿದು ದಾಟಿದವರೇ! ಧೋತರದ ಅಂಚು ಇನ್ನೂ ಆರಿರಲಿಲ್ಲ. ಕುಣಿ ತೋಡಿದವನನ್ನು ಒಬ್ಬನೂ ಕೇಳಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಹಲ್ಲು ಕಟಕಟಿಸುತ್ತವೆ.

ಮುಂದಿನ ಬೇಸಿಗೆಯಲ್ಲಿ ಕುಣಿ ಮತ್ತಷ್ಟು ಅಗಲವಾಯಿತು. ಕಾಕಾ ವರ್ಷವರ್ಷವೂ ಬೆಳಿಗ್ಗೆ ನೀರಿನಲ್ಲಿ ನಿಂತರು, ಸಂಜೆ ಕೈ ಹಿಂದೆ ಕಟ್ಟಿದರು. ಅಂಗಡಿಗೆ ಓಣಿಯವರು ಬರುವುದು ಕಡಿಮೆಯಾಯಿತು... ಈ ಮಳೆಗಾಲದಲ್ಲಿ ಕಾಕಾ ಎದೆನೋವು ಬಂದು ಹೋಗಿಬಿಟ್ಟರು.

ಮೊನ್ನೆ ಕುಣಿಯ ಹತ್ತಿರ ಯಾರೂ ಇರಲಿಲ್ಲ. ಒಬ್ಬರ ಅಂಗಿ ಒಬ್ಬರು ಹಿಡಿದು, ಕೋಲಿನಿಂದ ನೆಲ ತಡವುತ್ತ ದಾಟಿದೆವು. ಸಂಜೆ ಗುತ್ತಿಗೆದಾರ ನನ್ನ ಮುಂದೆಯೂ ಬನ್ನಿ ಹಿಡಿದ. ನಾನು ಕೈ ಹಿಂದೆ ಕಟ್ಟಿದೆ.

"ಕುಣಿ ಯಾವಾಗ ಮುಚ್ಚತೀರಿ?"

ಆತ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾಕಾನ್ನ ಎಷ್ಟ ಚೊಲೋ ಮಾಡ್ತೀಯಲೇ ತಮ್ಮಾ! ಇನ್ನೊಮ್ಮೆ ಮಾಡು!"

ಓಣಿಯೆಲ್ಲ ನಕ್ಕಿತು. ನಾನು ಯಾರನ್ನೂ ಅಣಕಿಸಿರಲಿಲ್ಲ. ಇನ್ನೊಮ್ಮೆ ಕೇಳಿದೆ. ಮತ್ತೂ ಜೋರಾಗಿ ನಕ್ಕರು. ಕಾಕಾ ಕೇಳಿದಾಗ ಇವರೆಲ್ಲ ಅವರನ್ನು ಬೈದಿದ್ದರು, ನಗುವ ಧೈರ್ಯ ಮಾತ್ರ ಯಾರಿಗೂ ಆಗಿರಲಿಲ್ಲ...