ತುದಿ ಹರಿದ ಎಲೆ

ವಿಮಲಾ ಆಂಟಿಯ ಕರಿಮಣಿ ಸರದಲ್ಲಿ ತಾಳಿಯ ಜೊತೆಗೆ ಒಂದು ಪುಟ್ಟ ಭೂತಗನ್ನಡಿಯೂ ನೇತಾಡುತ್ತಿತ್ತು. ದೇವಸ್ಥಾನದಲ್ಲಿ ಆರತಿಗೆ ಬಗ್ಗಿದರೆ ಅದು ತಟ್ಟೆಗೆ ತಾಗಿ ಟಣ್ ಎನ್ನುತ್ತಿತ್ತು. ಧಾರವಾಡದಿಂದ ಓದಲು ಬಂದು ಅಮೆರಿಕದ ರಾಕ್‌ವಿಲ್‌ನಲ್ಲಿ ನೆಲೆಸಿದ ಅವರು ಹಾವಸೆಗಳನ್ನು, ಅಂದರೆ ಪಾಚಿಯಂಥ ಪುಟ್ಟ ಗಿಡಗಳನ್ನು, ಗುರುತಿಸುವುದರಲ್ಲೇ ಆಯುಷ್ಯ ಕಳೆದವರು. ನಿವೃತ್ತಿಯಾದ ಮೇಲೂ ಬಿಟ್ಟಿರಲಿಲ್ಲ.

ಕೋವಿಡ್ ಕಾಲದಲ್ಲಿ ರೆಸ್ಟನ್ನಿನ ಮನೆಯೊಳಗೆ ಕೂತು ತಲೆಕೆಟ್ಟಿದ್ದ ನನಗೆ, ದೇವಸ್ಥಾನದಲ್ಲಿ ಪರಿಚಯವಾಗಿದ್ದ ಅವರು ಫೋನ್ ಮಾಡಿ, "ನಿನ್ನ ಹತ್ರ ಕಾರ್ ಅದ ಅಲ್ಲ, ನಡಿ" ಎಂದರು. ಮಾಸ್ಕ್ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತು, ವೆಸ್ಟ್ ವರ್ಜೀನಿಯಾದ ಬೆಟ್ಟದ ಮೇಲಿನ ಜೌಗಿಗೆ ದಾರಿ ತೋರಿಸಿದರು.

"ಈ ಹಾವಸೆ ಎಲ್ಲಾ ಒಂದೇ ಥರ ಕಾಣ್ತಿದೆ ಆಂಟಿ" ಎಂದೆ.

"ನಿಮ್ಮ ಆಫೀಸಿನವರಿಗೆ ನಾವೂ ಹಂಗ ಕಾಣ್ತೀವಿ."

ಒಂದು ಎಳೆ ಕಿತ್ತು, ನೀರು ಹಿಂಡಿ, ಕೊಂಬೆಗಳನ್ನೆಲ್ಲ ಬಿಡಿಸಿ, ಕಾಂಡಕ್ಕೆ ಅಂಟಿದ ಎಲೆಯನ್ನು ಭೂತಗನ್ನಡಿಯಲ್ಲಿ ತೋರಿಸಿದರು. ತುದಿಯಷ್ಟೇ ಹರಿದಿದ್ದರೆ ಅಕ್ಕ, ಅಂಚಿನುದ್ದಕ್ಕೂ ಹರಿದಿದ್ದರೆ ತಂಗಿ. ಆ ಎರಡು ಜಾತಿಗಳನ್ನು ಅವರು ಹಾಗೆಯೇ ಕರೆಯುತ್ತಿದ್ದರು. ತಂಗಿ ಆ ಜೌಗಿನಲ್ಲಿ ಅವರಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. "ಸಾವಕಾಶ ನೋಡವಾ. ಜಲ್ದಿ ನೋಡಿದವರಿಗೆ ಕಾಣಂಗಿಲ್ಲ."

ತಂದ ಎಳೆಗಳನ್ನು ಒಣಗಿಸಿಡುವ ಕಾಗದದ ಪೊಟ್ಟಣದ ಮೇಲೆ ತಪ್ಪು ಹೆಸರು ಬರೆದರೆ ಹೊಡೆದುಹಾಕಲು ಬಿಡುತ್ತಿರಲಿಲ್ಲ. ಸರಿಯಾದ ಹೆಸರನ್ನೂ ತಿದ್ದಿದವರ ಹೆಸರನ್ನೂ ಬರೆದ ಚೀಟಿಯನ್ನು ಅದರ ಕೆಳಗೆ ಅಂಟಿಸಬೇಕು. "ತಪ್ಪೂ ಇರಲಿ, ತಿದ್ದಿದ್ದೂ ಇರಲಿ" ಎನ್ನುತ್ತಿದ್ದರು.

ಎರಡು ವರ್ಷದಲ್ಲಿ ಅವರ ಕಣ್ಣು ಮಂದವಾಯಿತು. ಕೊನೆಯ ಸಲ ಜೌಗಿನಿಂದ ತಂದ ಎಳೆಯನ್ನು ಅಡುಗೆಮನೆಯ ಮೇಜಿನ ಮೇಲಿದ್ದ ಮೈಕ್ರೋಸ್ಕೋಪಿನಡಿ ಇಟ್ಟು, "ನೀನೇ ನೋಡು. ಅಂಚೂ ಹರದದೇನು?" ಎಂದರು.

ಬಗ್ಗಿ ನೋಡಿದೆ. ತುದಿ ಮಾತ್ರ ಹರಿದಿತ್ತು. ತಲೆಯೆತ್ತಿದರೆ ಅವರ ಮುಖದಲ್ಲಿ ಹಬ್ಬಕ್ಕೆ ಕಾಯುವ ಮಗುವಿನ ಆಸೆ. "ಹೌದು ಆಂಟಿ, ಅಂಚೆಲ್ಲ ಹರಿದಿದೆ" ಎಂದುಬಿಟ್ಟೆ.

ಅವರು ಪೊಟ್ಟಣದ ಮೇಲೆ ತಡಕಾಡಿಕೊಂಡು ತಂಗಿಯ ಹೆಸರು ಬರೆದರು. ಆಮೇಲೆ ನನಗೆ ಅವಲಕ್ಕಿ ಕಲಸಿಕೊಟ್ಟರು. ಅವತ್ತು ನಾನೇನೋ ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೇ ಮನೆಗೆ ಬಂದೆ.

ಕಳೆದ ಚಳಿಗಾಲದಲ್ಲಿ ಆಂಟಿ ಹೋದರು. ಅವರ ಮಗಳು ಪೊಟ್ಟಣಗಳ ಡಬ್ಬಿ ತಂದುಕೊಟ್ಟು, "ಇದು ನಿಮಗೆ. ಅಮ್ಮ ಸೆಡ್ ಸೋ" ಎಂದಳು. ತಂಗಿಯ ಹೆಸರಿದ್ದ ಆ ಪೊಟ್ಟಣವನ್ನೇ ಮೊದಲು ಬಿಡಿಸಿದೆ. ಒಣಗಿದ ಎಳೆಯ ಪಕ್ಕದಲ್ಲಿ ಸೊಟ್ಟ ಅಕ್ಷರಗಳ ಒಂದು ಚೀಟಿ: "ಭಾಳ ಜಲ್ದಿ ಹೇಳಿದಿ. ಮತ್ತೊಮ್ಮೆ ನೋಡವಾ."

ಎಳೆಗೆ ನೀರು ಚಿಮುಕಿಸಿದೆ. ಎಲೆ ಅರಳಿತು. ಬಯ್ಯಲಿಕ್ಕಾದರೂ ಅವರು ಇರಬೇಕಿತ್ತು ಎನ್ನಿಸಿ ಕಣ್ಣು ಮಂಜಾಯಿತು. ಒರೆಸಿಕೊಂಡು ಸಾವಕಾಶ ನೋಡಿದೆ. ತುದಿ ಮಾತ್ರ.

ಅವರ ಅಕ್ಷರವನ್ನು ಹೊಡೆದುಹಾಕಲಿಲ್ಲ. ಬೇರೆ ಚೀಟಿಯಲ್ಲಿ ಅಕ್ಕನ ಹೆಸರು ಬರೆದು, ಅದರಡಿ ನನ್ನ ಹೆಸರು ಬರೆದು, ಅವರದ್ದರ ಕೆಳಗೆ ಅಂಟಿಸಿದೆ.