ಕಾಟಾದ ಮೇಲೆ ಕಾರು ತೂಗಿದ ಚನ್ನಬಸಯ್ಯ

ಚನ್ನಬಸಯ್ಯನ ಹೆಸರು ಮೊದಲ ಸಲ ನನ್ನ ಕಿವಿಗೆ ಬಿದ್ದದ್ದು ಐವತ್ನಾಲ್ಕನೇ ಇಸವಿಯಲ್ಲಿ, ದೀಪಾವಳಿ ಮುಗಿದ ವಾರ. ಸಯನ್‌ನಲ್ಲಿ ನಮ್ಮದು ಜೋಳದ ಅಂಗಡಿ, ಅದರ ಮೇಲೆಯೇ ಮನೆ. ನಮ್ಮ ಯಜಮಾನರು ಬಸವಂತಪ್ಪನವರು ಊಟಕ್ಕೆಂದು ಮೇಲೆ ಬಂದವರು ಕೈ ತೊಳೆಯುತ್ತಲೇ ನಗತೊಡಗಿದರು.

"ಗ್ಯಾರೇಜಿನ್ಯಾಗ ಚನ್ನಬಸಯ್ಯ ಅಂತ ಒಬ್ಬಾಂವ ಅದಾನ, ನಮ್ಮ ಬೈಲಹೊಂಗಲ ಕಡ್ಯಾಂವ. ಕಾರು ತೂಗಾಕ ನಮ್ಮ ಚೀಲ ತೂಗೂ ಕಾಟಾ ಬೇಕಂತ!"

"ಕಾರೇನು ಜ್ವಾಳದ ಚೀಲೇನ್ರೀ?" ಎಂದೆ.

ಕಾರು ನಮ್ಮದೇ. ಯುದ್ಧಕ್ಕಿಂತ ಮೊದಲಿನ ವಿಲಾಯತಿ ಗಾಡಿ. ನಮಗೆ ಮಾರಿದವನು ಅದಕ್ಕೆ ಸಿಕ್ಕದ್ದನ್ನೆಲ್ಲ ಜೋಡಿಸಿದ್ದ. ಹಿಂದೆ ಕಬ್ಬಿಣದ ಪೆಟ್ಟಿಗೆ, ಎಡಕ್ಕೆ ಎರಡು ಸ್ಟೆಪ್ನಿ, ಕಾಲ ಕೆಳಗೆ ದಪ್ಪ ತಗಡು. ಪುಣೆಯಲ್ಲಿರುವ ನಾದಿನಿ ದಾನವ್ವನ ಮನೆಗೆ ಹೊರಟರೆ ಖಂಡಾಲಾ ಘಾಟಿನಲ್ಲಿ ಎರಡು ಸಲ ಕುದಿದು ನಿಲ್ಲುತ್ತಿತ್ತು. ತಿರುವು ಬಂದರೆ ಎಡಕ್ಕೆ ವಾಲಿ ಜೀವ ಹೋದಂತಾಗುತ್ತಿತ್ತು. ಗುಜರಿಗೆ ಹಾಕಿಬಿಡಿ ಎಂದಿದ್ದ ಗ್ಯಾರೇಜಿನ ಸೇಠ.

ಚನ್ನಬಸಯ್ಯ ಮಾತ್ರ ಅಡ್ಡ ಬಂದ. ಎಂಜಿನ್ ಗಟ್ಟಿಯಿದೆ, ಇದಕ್ಕೆ ಬಂದಿರುವುದು ತೂಕದ ರೋಗ ಎಂದ. ಹತ್ತು ವರ್ಷದಿಂದ ಅಲ್ಲಿ ದುಡಿಯುತ್ತಿದ್ದರೂ ಸೇಠ ಅವನನ್ನು ಮಿಸ್ತ್ರಿ ಎಂದು ಒಮ್ಮೆಯೂ ಕರೆದಿರಲಿಲ್ಲ. "ಏ ಬಸ್ಯಾ, ನಾನೂ ಗಾಡಿಯಲ್ಲಿ ಕೂತು ನೋಡ್ತೀನಿ" ಎಂದನಂತೆ ತನ್ನ ಹಿಂದಿಯಲ್ಲಿ. "ನಿಲ್ಲದೆ ಘಾಟ್ ಹತ್ತಿತೋ, ನೀನು ಮಿಸ್ತ್ರಿ. ನಿಂತಿತೋ, ಅಲ್ಲಿಂದಲೇ ಊರಿನ ದಾರಿ ಹಿಡಿ."

ಮರುದಿನ ಆ ಮನುಷ್ಯನನ್ನು ಕಂಡೆ. ಒಣಕಲು ಮೈ, ದೊಡ್ಡ ಕಿವಿ. ನಮ್ಮ ಕಾಟಾವನ್ನು ಒಂದು ಗಾಲಿಯ ಕೆಳಗಿಟ್ಟು, ಉಳಿದ ಮೂರಕ್ಕೂ ಅಷ್ಟೇ ಎತ್ತರದ ಹಲಗೆ ಕೊಟ್ಟು, ನಾಲ್ಕೂ ಗಾಲಿಗಳ ಭಾರವನ್ನು ಒಂದೊಂದಾಗಿ ತೂಗಿದ. ಆಮೇಲೆ ಕೀಳತೊಡಗಿದ. ಪೆಟ್ಟಿಗೆ ಹೋಯಿತು, ಒಂದು ಸ್ಟೆಪ್ನಿ ಹೋಯಿತು, ತಗಡಿನ ಜಾಗಕ್ಕೆ ತೆಳು ಹಲಗೆ ಬಂತು, ಸ್ಪ್ರಿಂಗ್ ಸೀಟಿನ ಜಾಗಕ್ಕೆ ಬೆತ್ತದ ಸೀಟು. ಎಡಕ್ಕಿದ್ದ ಬ್ಯಾಟರಿ ಬಲಕ್ಕೆ ಹೋಯಿತು. ಒಂದೊಂದು ತೆಗೆದಾಗಲೂ ಮತ್ತೆ ತೂಗುತ್ತಿದ್ದ. ಕೂರುವವರ ಬದಲಿಗೆ ಜೋಳದ ಚೀಲ ಇಡಬೇಕಿತ್ತು, ಅದಕ್ಕೆ ನಮ್ಮೆಲ್ಲರ ತೂಕ ಕೇಳಿದ. ನಮ್ಮ ಅತ್ತೆ ಶರಣವ್ವ ಸಿಡಿದರು.

"ಜ್ವಾಳ ತೂಗೂ ಕಾಟಾದ ಮ್ಯಾಲ ನಾ ನಿಂದರಬೇಕೇನೋ? ನನ್ನ ತೂಕ ಹೇಳಂಗಿಲ್ಲ, ಹೋಗ!"

ಅವರ ಹೆಸರಿನಲ್ಲಿ ಅಂದಾಜಿಗೆ ಒಂದು ಚೀಲ ಕೂತಿತು.

ಪುಣೆಗೆ ಹೊರಟ ದಿನ ತಪ್ಪು ಮಾಡಿದವಳು ನಾನು. ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ ಎಂದರು ಅತ್ತೆ. ನಾನು ಅರ್ಧ ಚೀಲ ಹೊಸ ಜೋಳ, ಎರಡು ಬೆಲ್ಲದ ಪೆಂಟೆ, ರೊಟ್ಟಿಬುತ್ತಿ, ಹಿತ್ತಾಳೆಯ ಕೊಡದ ತುಂಬ ನೀರು ಎಲ್ಲವನ್ನೂ ಹಿಂದೆ ಎಡಮೂಲೆಗೆ ತುರುಕಿ ಮೇಲೆ ಕಂಬಳಿ ಹೊದಿಸಿದೆ. ಅವನು ತಿಂಗಳೊಪ್ಪತ್ತು ಒದ್ದಾಡಿ ಇಳಿಸಿದ ಭಾರವನ್ನು ನಾನು ಒಂದು ಗಳಿಗೆಯಲ್ಲಿ ಏರಿಸಿದ್ದೆ.

ಪನ್ವೇಲ್ ದಾಟಿದ ಮೇಲೆ ಒಂದು ತಿರುವಿನಲ್ಲಿ ಗಾಡಿ ಎಡಕ್ಕೆ ವಾಲಿತು. ಗಾಡಿ ಓಡಿಸುತ್ತಿದ್ದ ಚನ್ನಬಸಯ್ಯ ಒಮ್ಮೆ ಹಿಂದೆ ತಿರುಗಿ ನೋಡಿದ. ಖೋಪೋಲಿಯಲ್ಲಿ, ಘಾಟಿನ ಬುಡಕ್ಕೆ ಬಂದಾಗ ಗಾಡಿ ನಿಲ್ಲಿಸಿ ಇಳಿದ.

"ರುಕ್ ಗಯೀ!" ನಿಂತೇಬಿಟ್ಟಿತು ಎಂದು ಕೂಗಿದ ಮುಂದೆ ಕೂತಿದ್ದ ಸೇಠ.

"ಘಾಟ್ ಅಭೀ ಆಯಾ ಕಿಧರ್, ಸೇಠ್?" ಘಾಟು ಇನ್ನೂ ಎಲ್ಲಿ ಬಂತು ಎಂದು ಕೇಳುತ್ತಲೇ ಚನ್ನಬಸಯ್ಯ ಹಿಂದೆ ಬಂದು ಕಂಬಳಿ ಎತ್ತಿ ನೋಡಿದ. "ಅಕ್ಕಾರ, ಇದೇನ್ರೀ, ಅಂಗಡೀನ ಹೊತ್ಗೊಂಡ ಬಂದೀರಿ?"

ನನ್ನ ಮುಖ ಸಣ್ಣದಾಯಿತು. "ನಂದ ತಪ್ಪ್ರೀ. ಇಲ್ಲೇ ಇಳಿಸಿಬಿಡ್ರಿ."

"ಜ್ವಾಳ ರಸ್ತೇಕ ಚೆಲ್ಲೂದಾ? ಬ್ಯಾಡ್ರಿ. ಭಾರ ಎಷ್ಟೈತಿ ಅನ್ನೂದಕ್ಕಿಂತ ಎಲ್ಲೈತಿ ಅನ್ನೂದ ದೊಡ್ಡದು." ಚೀಲವನ್ನು ನಡುವೆ ನೆಲಕ್ಕೆ ಮಲಗಿಸಿದ, ಬೆಲ್ಲವನ್ನು ಬಲಕ್ಕೆ ನನ್ನ ಗಂಡನ ಕಾಲ ಬುಡಕ್ಕಿಟ್ಟ. ಕೊಡದ ನೀರು ರೇಡಿಯೇಟರಿಗೆ ಎಷ್ಟು ಬೇಕೋ ಅಷ್ಟು ಸುರಿದು ಉಳಿದದ್ದನ್ನು ಚೆಲ್ಲಿದ. ಗಾಡಿಯ ಹಿಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಿದ. "ಅವ್ವಾರ, ನೀವೊಂದೀಟು ನಡುವಕ ಸರೀರಿ."

"ನನ್ನ ತೂಕ ಹೇಳಂಗಿಲ್ಲ ಅಂದೇನಲ್ಲ!"

"ಹೇಳೂದು ಬ್ಯಾಡ್ರೀ, ಗಾಡೀನ ಹೇಳಾಕತ್ತೈತಿ."

ಸೇಠನಿಗೂ ನಗು ತಡೆಯಲಿಲ್ಲ.

ಘಾಟು ಹತ್ತಿದೆವು. ಲಾರಿಗಳು ಅಲ್ಲಲ್ಲಿ ಬಾಯಿ ತೆರೆದು ಹೊಗೆಯಾಡುತ್ತ ನಿಂತಿದ್ದವು, ನಾವು ದಾಟಿದೆವು. ಒಂದೊಂದು ತಿರುವಿಗೂ ನಾನು ಎಡಗಡೆಯ ಬಾಗಿಲು ಹಿಡಿದುಕೊಳ್ಳುತ್ತಿದ್ದೆ, ನಾಲ್ಕನೆಯದಕ್ಕೆ ಕೈ ಬಿಟ್ಟೆ. ಗಾಡಿ ನೆಲ ಕಚ್ಚಿಕೊಂಡು ತಿರುಗುತ್ತಿತ್ತು. ಖಂಡಾಲಾದಲ್ಲಿ ಸೇಠ ಇಳಿದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ.

"ಚನ್ನಬಸಯ್ಯ ಮಿಸ್ತ್ರಿ, ಚಾಯ್ ಪಿಯೋಗೇ?"

ಅವನು ಎರಡು ಬಸಿ ಚಹಾ ಕುಡಿದ.

ಅಲ್ಲಿಂದಾಚೆಗೆ ಬಾಂದ್ರಾದಿಂದ, ಆಂಟಾಪ್ ಹಿಲ್‌ನಿಂದ ಹಳೆಯ ಗಾಡಿಗಳು ಅವನನ್ನು ಹುಡುಕಿಕೊಂಡು ಬರುತ್ತಿದ್ದವು. ಹೊಸದು ಜೋಡಿಸುವವರು ಊರ ತುಂಬ ಇದ್ದರು, ತೆಗೆಯಲು ಬಲ್ಲವನು ಅವನೊಬ್ಬ.

ಐವತ್ತೊಂಬತ್ತರಲ್ಲಿ ಹುಬ್ಬಳ್ಳಿಯ ಬಸ್ಸಿನವರೊಬ್ಬರು ಹೆಡ್ ಮಿಸ್ತ್ರಿ ಕೆಲಸಕ್ಕೆ ಅವನನ್ನು ಕರೆದರು. ಆದರೆ ಅವನ ಕೆಲಸ ಕಂಡವರಿಂದ ಒಂದು ಕಾಗದ ಕೇಳಿದರು. ಸೇಠ ಗ್ಯಾರೇಜು ಮುಚ್ಚಿ ಊರು ಬಿಟ್ಟಿದ್ದ. ನಮ್ಮ ಯಜಮಾನರು ತೀರಿಕೊಂಡು ವರ್ಷವಾಗಿತ್ತು. ಅತ್ತೆಗೆ ಓದುಬರಹವಿಲ್ಲ. ಚನ್ನಬಸಯ್ಯ ಒಂದು ಹಾಳೆ, ಸೀಸದಕಡ್ಡಿ ಹಿಡಿದು ಬಂದು ನಮ್ಮ ಹೊಸ್ತಿಲಲ್ಲಿ ನಿಂತ.

"ಅಕ್ಕಾರ, ನೀವ ಬರದಕೊಡ್ರಿ."

"ಸಾಲ್ಯಾಗ ಮೂರನೇ ಇಯತ್ತೆ ಕಲತಾಕಿ ನಾ. ನನ್ನ ಅಕ್ಷರ ಯಾರು ನಂಬ್ತಾರ?"

"ಅಕ್ಷರ ಹೆಂಗರ ಇರಲಿ ಬಿಡ್ರಿ. ಗಾಡಿ ನಿಲ್ಲದಂಗ ಘಾಟ ಹತ್ತೇತಿ, ನಾ ಒಳಗ ಕುಂತು ನೋಡೇನಿ ಅಂತ ಬರೀರಿ. ಕೆಳಗ ನಿಮ್ಮ ಹೆಸರ ಹಾಕ್ರಿ. ನನ್ನ ಹೆಸರಿನ ಮುಂದ ಮಿಸ್ತ್ರಿ ಅನ್ನೂದ ಮಾತ್ರ ಮರೀಬ್ಯಾಡ್ರಿ."